ಜ್ವರ ಹೋಯಿತು, ಗಂಟು ಉಳಿಯಿತು: ಬಿಳಿ ರಕ್ತಕಣಗಳು "ತಾನಾಗಿ" ಹೋಗುವುದು ಹೇಗೆ?

ಹೊಸನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎಂಟು ವರ್ಷ. ಹೋದ ತಿಂಗಳು ಮಳೆ ಜೋರಾಗಿ ಹಿಡಿದಿದ್ದ ವಾರದಲ್ಲಿ ಗಂಟಲು ನೋವು, ಜ್ವರ ಶುರುವಾಯಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಬಿಳಿ ರಕ್ತಕಣ 18,400 ಇತ್ತು. ಔಷಧಿ ಕೊಟ್ಟರು, ಐದು ದಿನಕ್ಕೆ ಜ್ವರ ಬಿಟ್ಟಿತು. ಹನ್ನೆರಡು ದಿನದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದಾಗ 7,600. "ಎಲ್ಲ ಸರಿ ಇದೆ" ಎಂದರು ಡಾಕ್ಟರು.

ಆದರೆ ದವಡೆಯ ಕೆಳಗೆ ಎರಡೂ ಕಡೆ ಗಂಟು ಹಾಗೇ ಇದೆ. ಬಲಗಡೆಯದು ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು. ಒತ್ತಿದರೆ ಬೆರಳಿನ ಕೆಳಗೆ ಜಾರುತ್ತದೆ. ಅದನ್ನು ಕೇಳಿದಾಗ ಡಾಕ್ಟರು "ತಾನಾಗಿ ಹೋಗುತ್ತದೆ ಬಿಡಿ" ಎಂದರು.

ಈ "ತಾನಾಗಿ" ಎನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ರಕ್ತದಲ್ಲಿ ಇಷ್ಟು ಸಾವಿರ ಕಣ ಕಡಿಮೆಯಾಯಿತಲ್ಲ, ಅವೆಲ್ಲ ಎಲ್ಲಿಗೆ ಹೋದವು? ಮೂತ್ರದಲ್ಲಿ ಹೋದವಾ? ಸತ್ತವಾ? ಸತ್ತಿದ್ದರೆ ಯಾರು ಸಾಯಿಸಿದರು? ಅತ್ತೆಯವರಂತೂ "ಬಿಳಿ ರಕ್ತಕಣ ಇಳಿಯಿತು ಅಂದರೆ ಮಗುವಿನ ಶಕ್ತಿ ಇಳಿದ ಹಾಗೇ ಅಲ್ವಾ" ಎಂದು ದಿನಾ ಅಮೃತಬಳ್ಳಿ ಕಷಾಯ ಕೊಡುತ್ತಿದ್ದಾರೆ. ಗೊತ್ತಿರುವವರು ದಯವಿಟ್ಟು ಸರಳವಾಗಿ ಹೇಳಿ.

ತೋಟದಮನೆ, ಸಾಗರ

ಒಳ್ಳೆ ಪ್ರಶ್ನೆ ಅಕ್ಕ. ಕೆಲಸ ಮುಗಿದ ಮೇಲೆ ಮೂಳೆಯೊಳಗೆ ವಾಪಸ್ ಹೋಗುತ್ತವೆ, ಮತ್ತೆ ಬೇಕಾದಾಗ ಬರುತ್ತವೆ ಎಂದುಕೊಂಡಿದ್ದೆ ನಾನು. ನಮ್ಮ ಮಗಳಿಗೂ ಹೀಗೇ ಗಂಟು ಬಂದಿತ್ತು, ಒಂದೂವರೆ ತಿಂಗಳಿಗೆ ಹೋಯಿತು. ಮೇಷ್ಟ್ರು ಯಾರಾದರೂ ಹೇಳಲಿ.

ತುಂಗಾತೀರ

ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ತೀರ್ಥಹಳ್ಳಿಯಲ್ಲಿದ್ದೇನೆ. ಗೊತ್ತಿದ್ದಷ್ಟು ಹೇಳುತ್ತೇನೆ.

ಅಮ್ಮಾ, ಅವು ಸಾಯುತ್ತವೆ. ಹೊರಗಿನ ಶತ್ರು ಸಾಯಿಸಿದ್ದಲ್ಲ. ಸಾಯುವ ವ್ಯವಸ್ಥೆ ಪ್ರತಿಯೊಂದು ಜೀವಕೋಶದ ಒಳಗೇ ಇದೆ. ಸಮಯ ಬಂದಾಗ, ಅಥವಾ ಅಪ್ಪಣೆ ಬಂದಾಗ, ಕೋಶ ತನ್ನನ್ನು ತಾನೇ ಬಿಚ್ಚಿ ಹಾಕುತ್ತದೆ. ಇದಕ್ಕೆ ಅಪೊಪ್ಟೋಸಿಸ್ ಎಂದು ಹೆಸರು. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು ಈ ಹೆಸರಿಟ್ಟರು. ಅದು ಗ್ರೀಕ್ ಮಾತು. ಮರದಿಂದ ಎಲೆ ಉದುರುವುದು, ಹೂವಿನಿಂದ ಪಕಳೆ ಉದುರುವುದು ಅಂತ ಅರ್ಥ. ಅಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕರೊಬ್ಬರು ಅವರಿಗೆ ಈ ಪದ ಸೂಚಿಸಿದ್ದರು.

ಕೋಶ ಎರಡು ಥರ ಸಾಯಬಹುದು. ಸುಟ್ಟರೆ, ಜಜ್ಜಿದರೆ, ರಕ್ತ ನಿಂತುಹೋದರೆ ಅದು ಉಬ್ಬಿ ಒಡೆದು ಒಳಗಿನದೆಲ್ಲ ಹೊರಗೆ ಚೆಲ್ಲುತ್ತದೆ. ಸುತ್ತಮುತ್ತ ಕೆಂಪಾಗುತ್ತದೆ, ಉರಿ, ಊತ ಬರುತ್ತದೆ. ಅಪೊಪ್ಟೋಸಿಸ್‌ನಲ್ಲಿ ಕೋಶ ಕುಗ್ಗುತ್ತದೆ. ಒಳಗಿನ ಸಾಮಾನೆಲ್ಲ ಸಣ್ಣ ಸಣ್ಣ ಪೊಟ್ಟಣವಾಗುತ್ತದೆ. ಒಂದು ಹನಿಯೂ ಚೆಲ್ಲುವುದಿಲ್ಲ. ಮ್ಯಾಕ್ರೋಫೇಜ್ ಎನ್ನುವ ದೊಡ್ಡ ಕೋಶಗಳು ಬಂದು ಆ ಪೊಟ್ಟಣಗಳನ್ನು ನುಂಗಿಬಿಡುತ್ತವೆ. ನೋವಿಲ್ಲ, ಕೀವಿಲ್ಲ. ಅದಕ್ಕೇ ನಮಗೆ "ತಾನಾಗಿ ಹೋಯಿತು" ಎನಿಸುವುದು.

ತೋಟದಮನೆ, ಸಾಗರ

ಮೇಷ್ಟ್ರೇ, ಎಲೆ ಉದುರುವುದು ಅಂದಿರಲ್ಲ, ಒಂದು ಮಾತು ಹೇಳಲೇಬೇಕು. ಇವತ್ತು ಬೆಳಿಗ್ಗೆ ತೋಟಕ್ಕೆ ಹೋಗಿ ಇದನ್ನೇ ನೋಡುತ್ತಾ ನಿಂತಿದ್ದೆ.

ಅಡಿಕೆ ಮರದ ಸೋಗೆ ಹಣ್ಣಾದಾಗ ನಾವು ಯಾರೂ ಕೊಯ್ಯುವುದಿಲ್ಲ. ಹಾಳೆ ಬುಡದಲ್ಲಿ ತಾನೇ ಬಿಡಿಸಿಕೊಳ್ಳುತ್ತದೆ. ಎರಡು ದಿನ ಜೋತು ಬಿದ್ದಿರುತ್ತದೆ, ಆಮೇಲೆ ಧೊಪ್ ಎಂದು ಬೀಳುತ್ತದೆ. ಬಿದ್ದ ಜಾಗ ನೋಡಿದರೆ ಮರಕ್ಕೆ ಒಂದು ಗಾಯವಿಲ್ಲ, ರಸ ಸೋರುವುದಿಲ್ಲ. ನುಣ್ಣಗೆ ಒಂದು ಉಂಗುರ ಉಳಿಯುತ್ತದೆ ಅಷ್ಟೇ. ಬಿದ್ದ ಸೋಗೆ ಅದೇ ಮರದ ಬುಡಕ್ಕೆ ಮುಚ್ಚಿಗೆ ಆಗುತ್ತದೆ, ಮುಂದಿನ ವರ್ಷಕ್ಕೆ ಗೊಬ್ಬರ.

ಕೊಳೆ ರೋಗದಲ್ಲಿ ಬೀಳುವ ಅಡಿಕೆ ಹಾಗಲ್ಲ. ಕಾಯಿ ನೀರು ನೀರಾಗುತ್ತದೆ, ಮೇಲೆ ಬಿಳಿ ಬೂಸ್ಟು ಬರುತ್ತದೆ, ನಾತ ಹೊಡೆಯುತ್ತದೆ. ಒಂದು ಗೊನೆಯಿಂದ ಪಕ್ಕದ ಗೊನೆಗೆ ಹರಡುತ್ತದೆ. ಬೋರ್ಡೋ ಔಷಧಿ ಹೊಡೆಯುವುದು ಒಂದು ವಾರ ತಡವಾದರೆ ಮುಗಿಯಿತು. ಎರಡೂ ಬೀಳುವುದೇ ಆದರೂ ಎಷ್ಟು ವ್ಯತ್ಯಾಸ ನೋಡಿ. ನೀವು ಹೇಳಿದ ಎರಡು ಸಾವು ಹೀಗೇ ಅಲ್ವಾ?

ತುಂಗಾತೀರ

ಹೌದು ಮಾರಾಯ್ರೇ. ಮೂವತ್ತು ವರ್ಷ ಪಾಠ ಮಾಡಿದರೂ ಈ ಉದಾಹರಣೆ ನನಗೆ ಹೊಳೆದಿರಲಿಲ್ಲ. ಆ ಉಂಗುರ ನೆನಪಿಟ್ಟುಕೊಳ್ಳುತ್ತೇನೆ.

ಶಂಕರಘಟ್ಟದ ವಿದ್ಯಾರ್ಥಿನಿ

ಸರ್, ನಾನು ಜೈವಿಕ ತಂತ್ರಜ್ಞಾನ ಎಂಎಸ್ಸಿ ಓದುತ್ತಿದ್ದೇನೆ. "ಅಪ್ಪಣೆ ಬಂದಾಗ" ಎಂದಿರಲ್ಲ, ಆ ಅಪ್ಪಣೆಯೇ ನನಗೆ ತುಂಬಾ ಇಷ್ಟವಾದ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ.

ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬ ಜಾತಿ ಇದೆ. ಅವುಗಳ ಮೈಮೇಲೆ ಸಣ್ಣ ಸಣ್ಣ ಪ್ರೋಟೀನ್‌ಗಳು ಚಾಚಿಕೊಂಡಿರುತ್ತವೆ. ಇವೇ ರಿಸೆಪ್ಟರ್‌ಗಳು. ಅವುಗಳಲ್ಲಿ ಒಂದರ ಹೆಸರು ಫ್ಯಾಸ್. ಅದರ ಅರ್ಧ ಕೋಶದ ಹೊರಗೆ, ಅರ್ಧ ಒಳಗೆ. ಇದಕ್ಕೆ ಸರಿಯಾಗಿ ಕೂರುವ ಇನ್ನೊಂದು ಪ್ರೋಟೀನ್ ಬೇರೆ ಕೋಶದ ಮೈಮೇಲೆ ಇರುತ್ತದೆ. ಅದು ಫ್ಯಾಸ್ ಲೈಗ್ಯಾಂಡ್. ಎರಡು ಕೋಶ ಒಂದಕ್ಕೊಂದು ತಾಗಿದಾಗ ಲೈಗ್ಯಾಂಡ್ ಬಂದು ಫ್ಯಾಸನ್ನು ಹಿಡಿಯುತ್ತದೆ. ಫ್ಯಾಸ್ ಒಂದೊಂದಾಗಿ ಕೆಲಸ ಮಾಡುವುದಿಲ್ಲ, ಮೂರು ಮೂರು ಸೇರಿ ಗುಂಪಾಗಿರುತ್ತದೆ. ಲೈಗ್ಯಾಂಡ್ ಕೂಡ ಮೂರರ ಗುಂಪು.

ಹೊರಗೆ ಹಿಡಿದ ತಕ್ಷಣ ಒಳಗಿನ ತುದಿ ಬದಲಾಗುತ್ತದೆ. ಆ ತುದಿಗೆ ವಿಜ್ಞಾನಿಗಳು ಇಟ್ಟ ಹೆಸರು ಡೆತ್ ಡೊಮೇನ್. ಅಲ್ಲಿಗೆ ಫ್ಯಾಡ್ ಎಂಬ ಪ್ರೋಟೀನ್ ಬಂದು ಅಂಟುತ್ತದೆ. ಫ್ಯಾಡ್ ಇನ್ನೊಂದು ಕೈಯಲ್ಲಿ ಕ್ಯಾಸ್ಪೇಸ್-8 ಎಂಬ ಕಿಣ್ವವನ್ನು ಎಳೆದುಕೊಳ್ಳುತ್ತದೆ. ಕ್ಯಾಸ್ಪೇಸ್ ಅಂದರೆ ಕತ್ತರಿ. ಆದರೆ ಅಲ್ಲಿಯವರೆಗೆ ಅದು ಮುಚ್ಚಿದ ಕತ್ತರಿ, ಸುಮ್ನೆ ಓಡಾಡಿಕೊಂಡಿರುತ್ತದೆ. ಒಂದೇ ಜಾಗದಲ್ಲಿ ಹಲವು ಸೇರಿದಾಗ ಒಂದನ್ನೊಂದು ತೆರೆಯುತ್ತವೆ. ತೆರೆದುಕೊಂಡ ಕ್ಯಾಸ್ಪೇಸ್-8 ಹೋಗಿ ಕ್ಯಾಸ್ಪೇಸ್-3 ಅನ್ನು ತೆರೆಯುತ್ತದೆ. ಅಲ್ಲಿಂದ ಮುಂದೆ ಹಿಂದಕ್ಕೆ ಬರುವುದು ಬಹಳ ಕಷ್ಟ. ಕೋಶದ ಪೊರೆಗೆ ಆಧಾರವಾದ ಎಳೆಗಳು ಕತ್ತರಿಸಿಹೋಗುತ್ತವೆ. ಡಿಎನ್‌ಎಯನ್ನು ತುಂಡು ಮಾಡುವ ಇನ್ನೊಂದು ಕಿಣ್ವವನ್ನು ಕಟ್ಟಿಹಾಕಿದ್ದ ಹಗ್ಗವೂ ಕತ್ತರಿಸಿಹೋಗುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಲ್ಯಾಬಿನಲ್ಲಿ ಬೆಳೆಸುವ ಒಂದು ಬಗೆಯ ಟಿ ಕೋಶಗಳಿಗೆ (ಲಿಂಫೋಸೈಟ್‌ನಲ್ಲೇ ಒಂದು ಜಾತಿ) ಫ್ಯಾಸನ್ನು ಹಿಡಿಯುವ ಪ್ರತಿಕಾಯ (ಆಂಟಿಬಾಡಿ) ಹಾಕಿದ್ದೆವು. ಮೊದಲ ಒಂದು ಗಂಟೆ ಏನೂ ಕಾಣಲಿಲ್ಲ. ದುಂಡಗೆ, ಹೊಳೆಯುತ್ತಾ ಇದ್ದವು. ಮೂರನೇ ಗಂಟೆಗೆ ಒಂದು ಕೋಶದ ಅಂಚಿನಲ್ಲಿ ಗುಳ್ಳೆ ಎದ್ದಿತು. ಗಂಜಿ ಕುದಿಯುವಾಗ ಮೇಲೆ ಏಳುತ್ತದಲ್ಲ, ಹಾಗೆ. ಒಂದು ಎದ್ದು ಇಳಿಯುತ್ತದೆ, ಪಕ್ಕದಲ್ಲಿ ಇನ್ನೊಂದು. ಆಮೇಲೆ ಇಡೀ ಕೋಶ ದ್ರಾಕ್ಷಿ ಗೊಂಚಲಿನಂತೆ ಆಯಿತು. ಮರುದಿನ ಅದರ ಡಿಎನ್‌ಎಯನ್ನು, ತುಂಡುಗಳನ್ನು ಉದ್ದದ ಪ್ರಕಾರ ಬೇರೆ ಮಾಡುವ ಜೆಲ್ ಮೇಲೆ ಓಡಿಸಿದಾಗ ಏಣಿಯ ಮೆಟ್ಟಿಲುಗಳ ಹಾಗೆ ಪಟ್ಟಿ ಪಟ್ಟಿ ಬಂತು. ಪ್ರತಿ ಮೆಟ್ಟಿಲಿಗೂ ಸುಮಾರು 180 ಅಕ್ಷರದ ಅಂತರ. ಸುಮ್ಮನೆ ಕೊಳೆತ ಕೋಶದ ಡಿಎನ್‌ಎ ಹೀಗೆ ಬರುವುದಿಲ್ಲ, ಉದ್ದಕ್ಕೆ ಬಳಿದ ಹಾಗೆ ಕಾಣುತ್ತದೆ. ಆ ಏಣಿ ನೋಡಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಸಾವಿಗೂ ಇಷ್ಟು ಅಚ್ಚುಕಟ್ಟು ಇದೆಯಲ್ಲ ಅನಿಸಿತ್ತು.

ಹೊಸನಗರದ ಅಮ್ಮ

ಓದಿ ಮೈ ಜುಮ್ ಎಂದಿತು ತಂಗಿ. ಒಂದು ಅರ್ಥವಾಗಲಿಲ್ಲ. ಮ್ಯಾಕ್ರೋಫೇಜ್‌ಗೆ ಯಾವ ಕೋಶ ಸಾಯುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ? ಚೆನ್ನಾಗಿರುವುದನ್ನೂ ನುಂಗಿಬಿಟ್ಟರೆ?

ಶಂಕರಘಟ್ಟದ ವಿದ್ಯಾರ್ಥಿನಿ

ಅದಕ್ಕೂ ಗುರುತು ಇದೆ ಅಕ್ಕ. ಕೋಶದ ಪೊರೆಯಲ್ಲಿ ಎರಡು ಪದರ. ಫಾಸ್ಫಟಿಡಿಲ್‌ಸೆರೀನ್ ಎಂಬ ಕೊಬ್ಬು ಯಾವಾಗಲೂ ಒಳ ಪದರದಲ್ಲೇ ಇರುತ್ತದೆ. ಕೋಶ ಸಾಯಲು ಹೊರಟಾಗ ಅದು ಹೊರ ಪದರಕ್ಕೆ ಬರುತ್ತದೆ. ಅಂಗಿಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡ ಹಾಗೆ. ಮ್ಯಾಕ್ರೋಫೇಜ್ ಮುಖ್ಯವಾಗಿ ಆ ಗುರುತು ನೋಡಿಯೇ ನುಂಗುತ್ತದೆ.

ರಕ್ತಪರೀಕ್ಷೆಯವನು

ಶಿವಮೊಗ್ಗದಲ್ಲಿ ಹದಿನೇಳು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ತಿದ್ದುಪಡಿ ಬೇಕು. ಇಲ್ಲದಿದ್ದರೆ ಅಮ್ಮನವರಿಗೆ ತಪ್ಪು ಚಿತ್ರ ಹೋಗುತ್ತದೆ.

ಮೇಡಂ, ನಿಮ್ಮ ಮೊದಲ ರಿಪೋರ್ಟಿನಲ್ಲಿ 18,400ರ ಕೆಳಗೆ ಇನ್ನೊಂದು ಪಟ್ಟಿ ಇರುತ್ತದೆ. ನ್ಯೂಟ್ರೋಫಿಲ್ ಎಂಬ ಇನ್ನೊಂದು ಜಾತಿಯ ಬಿಳಿ ರಕ್ತಕಣ ಎಷ್ಟು, ಲಿಂಫೋಸೈಟ್ ಎಷ್ಟು ಎಂದು ಶೇಕಡಾ ಲೆಕ್ಕ. ಅದನ್ನು ನೋಡಿ ಹೇಳಿ.

ಹೊಸನಗರದ ಅಮ್ಮ

ನೋಡಿದೆ ಸರ್. ನ್ಯೂಟ್ರೋಫಿಲ್ 82, ಲಿಂಫೋಸೈಟ್ 13. ಎರಡನೇ ರಿಪೋರ್ಟಿನಲ್ಲಿ 54 ಮತ್ತು 38.

ರಕ್ತಪರೀಕ್ಷೆಯವನು

ಹಾಗಾದರೆ ಲೆಕ್ಕ ಹಾಕೋಣ. ಮೊದಲ ಸಲ ನ್ಯೂಟ್ರೋಫಿಲ್ ಸುಮಾರು 15,000. ಎರಡನೇ ಸಲ ಸುಮಾರು 4,100. ಅಂದರೆ ಕಡಿಮೆಯಾದದ್ದು ಹೆಚ್ಚುಕಡಿಮೆ ಪೂರ್ತಿ ನ್ಯೂಟ್ರೋಫಿಲ್. ಲಿಂಫೋಸೈಟ್ ಆಗ 2,400, ಈಗ 2,900 ಹತ್ತಿರ. ಅದು ಇಳಿದೇ ಇಲ್ಲ.

ನ್ಯೂಟ್ರೋಫಿಲ್‌ನ ಆಯಸ್ಸೇ ಕಡಿಮೆ. ರಕ್ತಕ್ಕೆ ಬಂದ ಮೇಲೆ ಒಂದು ದಿನದ ಆಸುಪಾಸು. ದೊಡ್ಡವರ ದೇಹದಲ್ಲಿ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ಹುಟ್ಟುತ್ತವೆ, ಅಷ್ಟೇ ಸಾಯುತ್ತವೆ. ಅವುಗಳ ಮೈಮೇಲೂ ಫ್ಯಾಸ್ ಇದೆ. ಆದರೆ ಅವು ಹೊರಗಿನ ಅಪ್ಪಣೆಗೆ ಕಾಯುವುದಿಲ್ಲ. ಗಡಿಯಾರ ಒಳಗೇ ಇದೆ. ಸೋಂಕು ಇದ್ದಾಗ ಅವುಗಳ ಸಾವು ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಮೂಳೆಯ ಮಜ್ಜೆಯೂ ಜಾಸ್ತಿ ತಯಾರು ಮಾಡುತ್ತದೆ. ಸೋಂಕು ಹೋದ ಮೇಲೆ ಎರಡೂ ಮಾಮೂಲಿಗೆ ಬರುತ್ತದೆ. ಲಿವರ್, ಗುಲ್ಮ (ಸ್ಪ್ಲೀನ್), ಮಜ್ಜೆ ಈ ಮೂರು ಕಡೆ ಮ್ಯಾಕ್ರೋಫೇಜ್‌ಗಳು ಅವುಗಳನ್ನು ನುಂಗುತ್ತವೆ. ತೋಟದಮನೆಯವರು ಮೂಳೆಗೆ ವಾಪಸ್ ಹೋಗುತ್ತವೆ ಎಂದರಲ್ಲ, ಅದು ಪೂರ್ತಿ ತಪ್ಪಲ್ಲ. ವಯಸ್ಸಾದ ನ್ಯೂಟ್ರೋಫಿಲ್‌ಗಳಲ್ಲಿ ಒಂದು ಪಾಲು ನಿಜವಾಗಿ ಮಜ್ಜೆಗೆ ಮರಳುತ್ತವೆ. ಆದರೆ ಸಾಯಲಿಕ್ಕೆ.

ಹಾಗಾಗಿ ಫ್ಯಾಸ್ ಕತೆ ಹುಡುಕಬೇಕಾದದ್ದು ರಿಪೋರ್ಟಿನ ಆ ಸಂಖ್ಯೆಯಲ್ಲಲ್ಲ. ಆ ಗಂಟಿನಲ್ಲಿ.

ತುಂಗಾತೀರ

ಒಪ್ಪಿದೆ. ನಾನು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದ್ದೆ. ಥ್ಯಾಂಕ್ಸ್.

ಶಂಕರಘಟ್ಟದ ವಿದ್ಯಾರ್ಥಿನಿ

ನಾನೂ ಒಪ್ಪುತ್ತೇನೆ ಸರ್. ಗಂಟಿನ ಬಗ್ಗೆ ಹೇಳುತ್ತೇನೆ.

ಆ ಗಂಟು ಲಿಂಫ್ ಗ್ರಂಥಿ. ಗಂಟಲಿನ ರೋಗಾಣುವಿನ ಚೂರುಗಳು ಅಲ್ಲಿಗೆ ಬರುತ್ತವೆ. ಅವುಗಳನ್ನು ಗುರುತಿಸುವ ಟಿ ಕೋಶ ನಮ್ಮಲ್ಲಿ ತೀರಾ ಕಡಿಮೆ ಇರುತ್ತವೆ. ಗುರುತಿಸಿದ ಕೋಶ ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ದಿನಕ್ಕೆ ಮೂರು ಸಲ ಒಡೆದರೆ ಒಂದೇ ಕೋಶ ಏಳು ದಿನಕ್ಕೆ 20 ಲಕ್ಷ ದಾಟುತ್ತದೆ. ಅದಕ್ಕೇ ಗ್ರಂಥಿ ಊದುವುದು.

ಹೀಗೆ ಹೊಸದಾಗಿ ಕೆಲಸಕ್ಕೆ ಇಳಿದ ಟಿ ಕೋಶಕ್ಕೆ ಮೊದಲ ಕೆಲವು ದಿನ ಫ್ಯಾಸ್ ಹಿಡಿದರೂ ಸಾವು ಬರುವುದಿಲ್ಲ. ಫ್ಲಿಪ್ ಎಂಬ ಪ್ರೋಟೀನ್ ಒಳಗೆ ಕ್ಯಾಸ್ಪೇಸ್-8ರ ಜಾಗದಲ್ಲಿ ಕೂತು ಅಡ್ಡ ಹಾಕುತ್ತದೆ. ದಿನ ಕಳೆದ ಹಾಗೆ ಆ ರಕ್ಷಣೆ ಸಡಿಲವಾಗುತ್ತದೆ. ಆಮೇಲೂ ಅದೇ ರೋಗಾಣು ಮತ್ತೆ ಮತ್ತೆ ತಾಗುತ್ತಿದ್ದರೆ ಟಿ ಕೋಶವೇ ತನ್ನ ಮೈಮೇಲೆ ಫ್ಯಾಸ್ ಲೈಗ್ಯಾಂಡ್ ಹುಟ್ಟಿಸಿಕೊಳ್ಳುತ್ತದೆ. ಪಕ್ಕದ ಕೋಶದಲ್ಲೂ ಫ್ಯಾಸ್ ಇದೆ. ಒಂದು ಇನ್ನೊಂದನ್ನು ಮುಟ್ಟಿ "ಸಾಕು" ಎನ್ನುತ್ತದೆ. ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಕಳಿಸಿಕೊಟ್ಟ ಹಾಗೆ.

ಆದರೆ ಎಲ್ಲದಕ್ಕೂ ಫ್ಯಾಸೇ ಕಾರಣ ಅಲ್ಲ. ನಿಮ್ಮ ಮಗನಿಗೆ ಬಂದಂಥ ಬೇಗ ಮುಗಿಯುವ ಸೋಂಕಿನಲ್ಲಿ ಮುಖ್ಯ ದಾರಿ ಬೇರೆ. ಟಿ ಕೋಶ ಬದುಕಿರಲು ಇಂಟರ್‌ಲ್ಯೂಕಿನ್-2ರಂಥ ಸಂದೇಶಗಳು ಬೇಕು. ರೋಗಾಣು ಹೋದರೆ ಆ ಸಂದೇಶ ನಿಲ್ಲುತ್ತದೆ. ಆಗ ಬಿಮ್ ಎಂಬ ಪ್ರೋಟೀನ್ ಮೈಟೋಕಾಂಡ್ರಿಯಾ ಮೂಲಕ ಅದೇ ಕತ್ತರಿಗಳನ್ನು ತೆರೆಯುತ್ತದೆ. ಹೊರಗಿನ ಬಾಗಿಲು ಒಂದು, ಒಳಗಿನ ಬಾಗಿಲು ಒಂದು. ಕೊನೆಯ ಕತ್ತರಿ ಎರಡಕ್ಕೂ ಒಂದೇ. ದೀರ್ಘಕಾಲ ಉಳಿಯುವ ಸೋಂಕಿನಲ್ಲಿ, ನಮ್ಮ ದೇಹವನ್ನೇ ಶತ್ರು ಎಂದು ತಿಳಿದ ಕೋಶಗಳ ವಿಷಯದಲ್ಲಿ ಹೊರಗಿನ ಬಾಗಿಲು ಬಹಳ ಮುಖ್ಯ. ನಮ್ಮದೇ ಕಣಗಳು ನಮಗೆ ದಿನಾ ಸಿಗುತ್ತಲೇ ಇರುತ್ತವಲ್ಲ, ಅವುಗಳ ಮೇಲೆ ತಿರುಗಿಬಿದ್ದ ಕೋಶಕ್ಕೆ ಸಂದೇಶ ನಿಲ್ಲುವುದೇ ಇಲ್ಲ. ಅಲ್ಲಿ ಯಾರಾದರೂ ಮುಟ್ಟಿ ಸಾಕು ಎನ್ನಲೇಬೇಕು.

ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಹೋಗುತ್ತವೆ. ಐದರಿಂದ ಹತ್ತು ಉಳಿಯುತ್ತವೆ. ಅವು ನೆನಪಿನ ಕೋಶ. ಅದೇ ರೋಗಾಣು ಮತ್ತೆ ಬಂದರೆ ಇವು ಮೊದಲೇ ಎದ್ದು ನಿಲ್ಲುತ್ತವೆ.

ರಕ್ತಪರೀಕ್ಷೆಯವನು

ಇದನ್ನು ಸ್ಲೈಡಿನಲ್ಲಿ ನೋಡಬಹುದು. ಊದಿದ ಗ್ರಂಥಿಯ ತುಂಡಿಗೆ ಬಣ್ಣ ಹಾಕಿ ನೋಡಿದರೆ ಕಡು ನೀಲಿ ಕೋಶಗಳು ಒತ್ತೊತ್ತಾಗಿ ತುಂಬಿರುತ್ತವೆ. ನಡುನಡುವೆ ತಿಳಿ ಬಣ್ಣದ ದೊಡ್ಡ ಕೋಶ ಒಂದೊಂದು. ಅದರ ಹೊಟ್ಟೆಯೊಳಗೆ ಸಾಸಿವೆ ಚೂರಿನ ಹಾಗೆ ಕಪ್ಪು ಚುಕ್ಕೆಗಳು. ನುಂಗಿದ ಕೋಶಗಳ ಉಳಿಕೆ ಅದು. ಅಲ್ಲಿ ಸಾಯುವುದು ಹೆಚ್ಚಾಗಿ ಲಿಂಫೋಸೈಟ್‌ನ ಇನ್ನೊಂದು ಜಾತಿಯಾದ ಬಿ ಕೋಶಗಳು. ರೋಗಾಣುವನ್ನು ಸರಿಯಾಗಿ ಹಿಡಿಯಲು ಬಾರದವು ಅಲ್ಲೇ ಮುಗಿಯುತ್ತವೆ. ಮೊದಲ ಸಲ ನಮ್ಮ ಪೆಥಾಲಜಿಸ್ಟ್ ಮೇಡಂ ತೋರಿಸಿದಾಗ ಅದು ಕೊಳೆ ಎಂದುಕೊಂಡಿದ್ದೆ. "ಇದು ಕಂಡರೆ ಸಂತೋಷ ಪಡಬೇಕು, ಗ್ರಂಥಿ ತನ್ನ ಕೆಲಸ ಮಾಡುತ್ತಿದೆ" ಎಂದರು.

ಕೊಪ್ಪದಿಂದ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಈಗ ಬರೆಯಲೇಬೇಕು ಅನಿಸಿತು.

ನನ್ನ ಅಣ್ಣನ ಮಗನಿಗೆ ಈ ಫ್ಯಾಸ್ ಕೆಲಸ ಮಾಡುವುದಿಲ್ಲ.

ಎರಡು ವರ್ಷದವನಿದ್ದಾಗಿನಿಂದ ಕುತ್ತಿಗೆ, ಕಂಕುಳು, ತೊಡೆಸಂದು ಎಲ್ಲ ಕಡೆ ಗಂಟು. ಜ್ವರ ಇಲ್ಲ, ಆಟ ಆಡುತ್ತಿದ್ದ. ಹೊಟ್ಟೆಯ ಎಡಗಡೆ ಗುಲ್ಮ ಊದಿ ಕೈಗೆ ಸಿಗುತ್ತಿತ್ತು. ಒಂದು ಕಡೆ ಟಿಬಿ ಎಂದರು. ಪರೀಕ್ಷೆಯಲ್ಲಿ ಟಿಬಿ ಕಾಣದಿದ್ದರೂ ಒಂಬತ್ತು ತಿಂಗಳು ಮಾತ್ರೆ ನುಂಗಿಸಿದೆವು. ಗಂಟು ಒಂದು ಚೂರೂ ಇಳಿಯಲಿಲ್ಲ. ಐದನೇ ವರ್ಷಕ್ಕೆ ಪ್ಲೇಟ್‌ಲೆಟ್ ಇದ್ದಕ್ಕಿದ್ದ ಹಾಗೆ ಬಿದ್ದುಹೋಯಿತು. ಮೂಗಿನಿಂದ ರಕ್ತ. ಬೆಂಗಳೂರಿಗೆ ಓಡಿದೆವು. ಅಲ್ಲಿ ಒಬ್ಬ ಡಾಕ್ಟರು ರಕ್ತದಲ್ಲಿ ಒಂದು ವಿಶೇಷ ಜಾತಿಯ ಟಿ ಕೋಶ ಹುಡುಕಿಸಿದರು. ಸಾಮಾನ್ಯವಾಗಿ ಟಿ ಕೋಶದ ಮೇಲೆ 4 ಅಥವಾ 8 ಎಂಬ ಗುರುತು ಇರುತ್ತದಂತೆ. ಇವನಲ್ಲಿ ಎರಡೂ ಇಲ್ಲದ ಟಿ ಕೋಶಗಳು ತುಂಬಾ ಇದ್ದವು. ಆಮೇಲೆ ಜೀನ್ ಪರೀಕ್ಷೆ ಮಾಡಿಸಿ ಹೆಸರು ಹೇಳಿದರು, ಆಟೋಇಮ್ಯೂನ್ ಲಿಂಫೋಪ್ರೊಲಿಫರೇಟಿವ್ ಸಿಂಡ್ರೋಮ್. ಆಲ್ಪ್ಸ್ ಎಂದು ಚಿಕ್ಕದಾಗಿ ಕರೆಯುತ್ತಾರೆ.

ಹೋಗಬೇಕಾದ ಕೋಶಗಳು ಹೋಗದೆ ಉಳಿದುಬಿಡುತ್ತವೆ. ಗ್ರಂಥಿ, ಗುಲ್ಮ ತುಂಬಿಕೊಳ್ಳುತ್ತದೆ. ಉಳಿದವುಗಳಲ್ಲಿ ಕೆಲವು ಸ್ವಂತ ಪ್ಲೇಟ್‌ಲೆಟ್, ಕೆಂಪು ರಕ್ತಕಣದ ಮೇಲೇ ತಿರುಗಿಬೀಳುತ್ತವೆ. ಮುಂದೆ ಲಿಂಫೋಮಾ (ಲಿಂಫೋಸೈಟ್‌ಗಳ ಕ್ಯಾನ್ಸರ್) ಬರುವ ಸಾಧ್ಯತೆಯೂ ಬೇರೆಯವರಿಗಿಂತ ಜಾಸ್ತಿ, ಅದಕ್ಕೇ ಕಣ್ಣಿಟ್ಟಿರಬೇಕು ಎಂದಿದ್ದಾರೆ. ಮೊದಲು ಸ್ಟಿರಾಯ್ಡ್ ಕೊಟ್ಟರು. ಈಗ ಸಿರೋಲಿಮಸ್ ಮಾತ್ರೆ. ಗುಲ್ಮ ತುಂಬಾ ಇಳಿದಿದೆ. ಹುಡುಗ ಈಗ ಏಳನೇ ಕ್ಲಾಸು, ಗದ್ದೆಯಲ್ಲಿ ಕ್ರಿಕೆಟ್ ಆಡುತ್ತಾನೆ.

ಒಂದು ಮಾತ್ರ ನನಗೆ ಇವತ್ತಿಗೂ ಬಿಡಿಸಲಾಗದ ಗಂಟು. ಅವನಿಗೆ ಕೆಟ್ಟ ಜೀನ್ ಬಂದಿರುವುದು ಅಪ್ಪನ ಕಡೆಯಿಂದ ಮಾತ್ರ. ಅಮ್ಮನ ಕಡೆಯದು ಚೆನ್ನಾಗಿಯೇ ಇದೆ. ಅರ್ಧ ಫ್ಯಾಸ್ ಸರಿ ಇರಬೇಕಲ್ಲವೇ? ಅರ್ಧ ಕೆಲಸವಾದರೂ ಆಗಬೇಕಿತ್ತಲ್ಲವೇ?

ಶಂಕರಘಟ್ಟದ ವಿದ್ಯಾರ್ಥಿನಿ

ಅಣ್ಣ, ನಿಮ್ಮ ಮನೆಯವರು ಪಟ್ಟ ಪಾಡು ಓದಿ ಕಣ್ಣು ತುಂಬಿತು. ನಿಮ್ಮ ಪ್ರಶ್ನೆಗೆ ಉತ್ತರ ಆ "ಮೂರರ ಗುಂಪಿನಲ್ಲಿ" ಇದೆ.

ಕೋಶ ಒಳ್ಳೆಯ ಫ್ಯಾಸ್, ಕೆಟ್ಟ ಫ್ಯಾಸ್ ಎರಡನ್ನೂ ಸಮ ಸಮ ತಯಾರು ಮಾಡುತ್ತದೆ ಅಂದುಕೊಳ್ಳಿ. ಅವು ಬೆರೆತು ಮೂರು ಮೂರು ಸೇರುತ್ತವೆ. ಮೂರೂ ಒಳ್ಳೆಯದೇ ಇರುವ ಗುಂಪು ಎಷ್ಟು? ಅರ್ಧದಲ್ಲಿ ಅರ್ಧ, ಅದರಲ್ಲಿ ಮತ್ತೆ ಅರ್ಧ. ಎಂಟರಲ್ಲಿ ಒಂದು. ಉಳಿದ ಏಳು ಗುಂಪಿನಲ್ಲೂ ಒಂದಾದರೂ ಕೆಟ್ಟದ್ದು ಸೇರಿರುತ್ತದೆ. ಒಳಗಿನ ತುದಿ ಕೆಟ್ಟಿದ್ದರೆ ಫ್ಯಾಡ್ ಸರಿಯಾಗಿ ಅಂಟುವುದಿಲ್ಲ, ಇಡೀ ಗುಂಪೇ ಸೋಲುತ್ತದೆ. ಅರ್ಧ ಇದ್ದರೂ ಅರ್ಧ ಕೆಲಸ ಆಗದಿರುವುದು ಇದಕ್ಕೇ. ಅದೇ ಜೀನ್ ಇದ್ದೂ ಕಾಯಿಲೆ ಕಾಣಿಸದೆ ಆರಾಮಾಗಿ ಇರುವವರೂ ಇದ್ದಾರೆ. ನಿಮ್ಮ ಅಣ್ಣ ಹಾಗೇ ಇರಬೇಕು.

ಕೊಪ್ಪದಿಂದ

ಎಂಟರಲ್ಲಿ ಒಂದು. ಇಷ್ಟು ವರ್ಷಕ್ಕೆ ಒಬ್ಬರು ಅರ್ಥವಾಗುವ ಹಾಗೆ ಹೇಳಿದಿರಿ ತಂಗಿ. ಅಣ್ಣನಿಗೆ ಈಗಲೇ ಫೋನ್ ಮಾಡುತ್ತೇನೆ. ಅವನು ಆರಾಮಾಗಿಯೇ ಇದ್ದಾನೆ. ತನ್ನಿಂದ ಮಗನಿಗೆ ಬಂತು ಎಂದು ಒಳಗೊಳಗೇ ಕೊರಗುತ್ತಾನೆ.

ತುಂಗಾತೀರ

ಅವರಿಗೆ ಹೇಳಿ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು.

ಈ ಕಾಯಿಲೆಯ ಮೂಲ ಗೊತ್ತಾದ ದಾರಿ ದೊಡ್ಡದು. 1989ರಲ್ಲಿ ಜಪಾನಿನ ಯೊನೆಹಾರಾ ಮತ್ತು ಜರ್ಮನಿಯ ಕ್ರಾಮರ್ ತಂಡಗಳು ಬೇರೆ ಬೇರೆಯಾಗಿ ಒಂದೊಂದು ಪ್ರತಿಕಾಯ ಕಂಡುಹಿಡಿದರು. ಕೋಶದ ಮೈಗೆ ಅದು ಅಂಟಿದರೆ ಸಾಕು, ಕೋಶ ಸಾಯುತ್ತಿತ್ತು. ಅದು ಅಂಟುವ ಪ್ರೋಟೀನಿನ ಜೀನನ್ನು 1991ರಲ್ಲಿ ಒಸಾಕಾದಲ್ಲಿ ನಗಾಟಾ ತಂಡ ಹುಡುಕಿತು. ಗ್ರಂಥಿಗಳು ವಿಪರೀತ ಊದಿಕೊಳ್ಳುವ ಒಂದು ಇಲಿ ತಳಿ ಬಹಳ ಮೊದಲೇ ಲ್ಯಾಬುಗಳಲ್ಲಿ ಇತ್ತು. 1992ರಲ್ಲಿ ನೋಡಿದರೆ ಆ ಇಲಿಗಳಲ್ಲಿ ಕೆಟ್ಟಿದ್ದು ಇದೇ ಫ್ಯಾಸ್ ಜೀನ್. ಮನುಷ್ಯರಲ್ಲೂ ಹೀಗೇ ಎಂದು 1995ರಲ್ಲಿ ಗೊತ್ತಾಯಿತು. ಎಲ್ಲೋ ಒಂದು ಇಲಿಯ ಗಂಟು ನೋಡಿ ಶುರುವಾದ ಹುಡುಕಾಟ ಕೊಪ್ಪದ ಹುಡುಗನ ಮಾತ್ರೆಯವರೆಗೆ ಬಂತು.

ಸೊರಬದವನು

ಒಂದು ಸಂದೇಹ. ನಮ್ಮ ಕಡೆ ಮಂಗನ ಕಾಯಿಲೆ ಬಂದವರಿಗೂ ಬಿಳಿ ರಕ್ತಕಣ ಇಳಿಯುತ್ತದೆ ಎನ್ನುತ್ತಾರೆ. 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಕ್ಯಾಸನೂರು ಕಾಡಿನಲ್ಲಿ. ಅದೂ ಇದೇ ಥರ ಒಳ್ಳೆಯ ಲಕ್ಷಣವಾ?

ರಕ್ತಪರೀಕ್ಷೆಯವನು

ಅಲ್ಲ, ದಯವಿಟ್ಟು ಎರಡನ್ನೂ ಬೆರೆಸಬೇಡಿ. ಇಲ್ಲಿ ಮಾತಾಡುತ್ತಿರುವುದು ಏರಿದ್ದು ಮಾಮೂಲಿಗೆ ಇಳಿಯುವುದು. ಮಂಗನ ಕಾಯಿಲೆಯಲ್ಲಿ ಜ್ವರ ಇರುವಾಗಲೇ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಮಾಮೂಲಿಗಿಂತ ಕೆಳಗೆ ಹೋಗುತ್ತವೆ. ಅದು ಎಚ್ಚರಿಕೆಯ ಗಂಟೆ. ಕಾಡಿಗೆ ಹೋಗಿ ಬಂದವರಿಗೆ, ಉಣುಗು ಕಚ್ಚಿದವರಿಗೆ ಜ್ವರ ಬಂದರೆ ಮನೆಯಲ್ಲಿ ಕೂರಬೇಡಿ.

ತೋಟದಮನೆ, ಸಾಗರ

ನನಗೆ ಇನ್ನೊಂದು ಯೋಚನೆ. ಫ್ಯಾಸನ್ನು ಒತ್ತಿದರೆ ಕೋಶ ಸಾಯುತ್ತದೆ ಅಂದರೆ, ಕ್ಯಾನ್ಸರ್ ಕೋಶಕ್ಕೆ ಅದನ್ನೇ ಒತ್ತಿಬಿಡಬಹುದಲ್ಲ?

ಶಂಕರಘಟ್ಟದ ವಿದ್ಯಾರ್ಥಿನಿ

ಹಾಗೆಯೇ ಯೋಚಿಸಿದ್ದರು ಅಣ್ಣ. 1993ರಲ್ಲಿ ಇಲಿಗಳಿಗೆ ಫ್ಯಾಸನ್ನು ಒತ್ತುವ ಪ್ರತಿಕಾಯ ಚುಚ್ಚಿ ನೋಡಿದರು. ಇಲಿಗಳು ಕೆಲವೇ ಗಂಟೆಗಳಲ್ಲಿ ಸತ್ತವು. ಲಿವರ್ ಕೋಶಗಳ ಮೇಲೂ ಫ್ಯಾಸ್ ಇದೆ, ಇಡೀ ಲಿವರೇ ಹೋಯಿತು. ರಕ್ತಕ್ಕೆ ಚುಚ್ಚಿ ಎಲ್ಲ ಕಡೆ ಒತ್ತುವ ದಾರಿ ಅಲ್ಲಿಗೆ ನಿಂತಿತು. ಒಳಗಿನ ಬಾಗಿಲಿನ ಕಡೆಯಿಂದ ಕೆಲಸ ಮಾಡುವ ಔಷಧಿ ಬಂದಿದೆ. ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ ಬಿಸಿಎಲ್-2 ಎಂಬ ಪ್ರೋಟೀನ್ ಜಾಸ್ತಿಯಾಗಿ ಸಾವಿಗೆ ಅಡ್ಡ ನಿಲ್ಲುತ್ತದೆ. ಅದನ್ನು ಸರಿಸುವ ವೆನೆಟೊಕ್ಲಾಕ್ಸ್ ಮಾತ್ರೆಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು.

ಫ್ಯಾಸ್ ಲೈಗ್ಯಾಂಡ್ ಕಣ್ಣಿನ ಒಳಗೂ ಇದೆ ಗೊತ್ತಾ? ಅಲ್ಲಿ ಊತ ಬಂದರೆ ದೃಷ್ಟಿಯೇ ಹೋಗಬಹುದು. ಹಾಗಾಗಿ ಒಳಗೆ ನುಗ್ಗಿದ ಟಿ ಕೋಶಕ್ಕೆ ಕಣ್ಣಿನ ಕೋಶಗಳೇ "ಸಾಕು" ಎನ್ನುತ್ತವೆ. 1995ರಲ್ಲಿ ಇಲಿಗಳಲ್ಲಿ ತೋರಿಸಿದರು. ಒಬ್ಬರ ಕಾರ್ನಿಯಾ ಇನ್ನೊಬ್ಬರಿಗೆ ಚೆನ್ನಾಗಿ ಒಗ್ಗುವುದಕ್ಕೆ ಮುಖ್ಯ ಕಾರಣ ಅದರಲ್ಲಿ ರಕ್ತನಾಳ ಇಲ್ಲದಿರುವುದು. ಇದೂ ಅದಕ್ಕೆ ಜೊತೆಗೂಡುತ್ತದೆ. ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡಾಗ ಅವರ ಕಣ್ಣು ದಾನ ಮಾಡಿದರಲ್ಲ, ಅದಾದ ಮೇಲೆ ನಮ್ಮ ಹಾಸ್ಟೆಲ್ಲಿನ ಹುಡುಗಿಯರೆಲ್ಲ ಹೆಸರು ಬರೆಸಿದೆವು. ಈ ಪಾಠ ಓದುವಾಗ ಅದು ನೆನಪಾಯಿತು.

ಹೊಸನಗರದ ಅಮ್ಮ

ಕಷಾಯದ ವಿಷಯ ಯಾರೂ ಹೇಳಲಿಲ್ಲ. ಅತ್ತೆಗೆ ಏನು ಹೇಳಲಿ?

ತುಂಗಾತೀರ

ಬಿಳಿ ರಕ್ತಕಣ ಇಳಿದದ್ದು ಶಕ್ತಿ ಇಳಿದದ್ದಲ್ಲ, ಕೆಲಸ ಮುಗಿದದ್ದು ಎಂದು ಹೇಳಿ. ಎಂಟು ವರ್ಷದ ಮಗುವಿಗೆ 7,600 ಸರಿಯಾದ ಸಂಖ್ಯೆ. ಅದನ್ನು ಏರಿಸುವ ಅಗತ್ಯವೇ ಇಲ್ಲ. ಕೊಪ್ಪದ ಹುಡುಗನ ಕತೆ ಓದಿ ಹೇಳಿ, ಹೋಗದೆ ಉಳಿದರೆ ಏನಾಗುತ್ತದೆ ಎಂದು ಅವರಿಗೂ ತಿಳಿಯುತ್ತದೆ. ಅಮೃತಬಳ್ಳಿ ದಿನಾ ಬೇಡ. ಅದನ್ನು ತುಂಬಾ ದಿನ ಕುಡಿದು ಲಿವರಿಗೆ ತೊಂದರೆಯಾದವರ ಬಗ್ಗೆ ಕೋವಿಡ್ ಸಮಯದಲ್ಲಿ ನಮ್ಮ ದೇಶದ ಡಾಕ್ಟರುಗಳೇ ಬರೆದಿದ್ದಾರೆ. ಪ್ರೀತಿಯಿಂದ ಕೊಡುವುದಾದರೆ ಬಿಸಿ ಗಂಜಿಗೆ ತುಪ್ಪ ಹಾಕಿ ಕೊಡಲಿ.

ರಕ್ತಪರೀಕ್ಷೆಯವನು

ಗಂಟಿನ ಬಗ್ಗೆ ನಮ್ಮ ಡಾಕ್ಟರುಗಳು ಹೇಳುವುದನ್ನು ಕೇಳಿಸಿಕೊಂಡು ಬರೆಯುತ್ತಿದ್ದೇನೆ. ಮೆತ್ತಗೆ, ಜಾರುವ ಹಾಗೆ, ದಿನದಿಂದ ದಿನಕ್ಕೆ ಸಣ್ಣದಾಗುತ್ತಿದ್ದರೆ ಕಾಯಬಹುದು. ಎರಡು ಸೆಂಟಿಮೀಟರಿಗಿಂತ ದೊಡ್ಡದಾದರೆ, ಕಲ್ಲಿನ ಹಾಗೆ ಗಟ್ಟಿಯಿದ್ದರೆ, ಅಲುಗಾಡದಿದ್ದರೆ, ಕೊರಳೆಲುಬಿನ (ಕಾಲರ್‌ಬೋನ್) ಮೇಲಿನ ಗುಳಿಯಲ್ಲಿ ಬಂದರೆ, ಜೊತೆಗೆ ತೂಕ ಇಳಿಯುವುದು, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು ಇದ್ದರೆ ತಕ್ಷಣ ತೋರಿಸಿ. ಇವು ಯಾವುವೂ ಇಲ್ಲದೆ ಆರು ವಾರ ಕಳೆದರೂ ಇಳಿಯದಿದ್ದರೂ ಒಮ್ಮೆ ತೋರಿಸಿ. ದಿನಾ ಹತ್ತು ಸಲ ಒತ್ತಬೇಡಿ, ವಾರಕ್ಕೊಮ್ಮೆ ಸಾಕು.

ಹೊಸನಗರದ ಅಮ್ಮ (ಮೂರು ವಾರದ ನಂತರ)

ಎಲ್ಲರಿಗೂ ಹೇಳೋಣ ಎಂದು ಬಂದೆ. ನಿನ್ನೆ ರಾತ್ರಿ ಮಗ ಮಲಗಿದ ಮೇಲೆ ಮೆಲ್ಲಗೆ ದವಡೆಯ ಕೆಳಗೆ ಮುಟ್ಟಿ ನೋಡಿದೆ. ಎಡಗಡೆಯದು ಸಿಗಲೇ ಇಲ್ಲ. ಬಲಗಡೆಯದು ಹುಡುಕಿದ ಮೇಲೆ ಸಿಕ್ಕಿತು, ಕಾಳುಮೆಣಸಿನಷ್ಟಿದೆ. ಅತ್ತೆಯವರೂ ಪಕ್ಕದಲ್ಲಿ ಕೂತು ಮುಟ್ಟಿ ನೋಡಿದರು. "ಎಲ್ಲಿ ಹೋಯ್ತೇ ಅದು?" ಎಂದು ಕೇಳಿದರು. ಅಡಿಕೆ ಸೋಗೆಯಿಂದ ಶುರುಮಾಡಿ ಹೇಳಿದೆ. ಮಧ್ಯದಲ್ಲಿ ಒಂದೂ ಮಾತಾಡದೆ ಕೇಳಿದರು.